ಅನಾಥರ ಗೋಡೆ ಮತ್ತು ಇಂಜಿನಿಯರ್‌ನ ಮನೆ

ಪ್ರತಿ ಶುಕ್ರವಾರ ನಮ್ಮ ಮನೆಗಳಲ್ಲಿ ಅಲ್ ಕಹಫ್ ಅಧ್ಯಾಯದ ಪಾರಾಯಣ ನಡೆಯುತ್ತದೆ. ಅದರಲ್ಲಿ ಬರುವ ಒಂದು ಗೋಡೆಯ ಪ್ರಸಂಗವನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಪ್ರವಾದಿ ಮೂಸಾ(ಅ)ರು ಅಲ್ಲಾಹನ ಜ್ಞಾನವಂತ ದಾಸರೊಬ್ಬರ ಜೊತೆಗೂಡಿ ಒಂದು ಊರಿಗೆ ಹೋಗುತ್ತಾರೆ. ಹಸಿದ ಇಬ್ಬರೂ ಅನ್ನ ಕೇಳುತ್ತಾರೆ. ಊರವರು ಕೊಡುವುದಿಲ್ಲ. ಅದೇ ಊರಿನಲ್ಲಿ ಬೀಳುವ ಸ್ಥಿತಿಯಲ್ಲಿದ್ದ ಗೋಡೆಯೊಂದನ್ನು ಕಂಡು ಆ ದಾಸರು ಅದನ್ನು ಸರಿಪಡಿಸಿ ನಿಲ್ಲಿಸುತ್ತಾರೆ. ಕೂಲಿಯನ್ನಾದರೂ ಪಡೆಯಬಹುದಿತ್ತಲ್ಲವೇ ಎಂದು ಮೂಸಾ(ಅ)ರು ಕೇಳುತ್ತಾರೆ. ಅನಂತರ ಅದರ ಮರ್ಮ ತಿಳಿಯುತ್ತದೆ. ಆ ಗೋಡೆ ಇಬ್ಬರು ಅನಾಥ ಬಾಲಕರದು. ಅದರ ಕೆಳಗೆ ಅವರಿಗಾಗಿ ಇಟ್ಟ ನಿಧಿಯಿದೆ. ಅವರ ತಂದೆ ಸಜ್ಜನನಾಗಿದ್ದನು. ಮಕ್ಕಳು ಪ್ರಾಯಕ್ಕೆ ಬಂದು ತಮ್ಮ ನಿಧಿಯನ್ನು ತಾವೇ ತೆಗೆದುಕೊಳ್ಳುವವರೆಗೆ ಗೋಡೆ ನಿಂತಿರಬೇಕೆಂಬುದು ಅಲ್ಲಾಹನ ಇಚ್ಛೆಯಾಗಿತ್ತು.

ಈ ಪ್ರಸಂಗದಲ್ಲಿ ಮೂರು ಸಂಗತಿಗಳು ಒಂದೆಡೆ ಸೇರಿವೆ: ಕಟ್ಟುವ ಕೆಲಸ, ತಂದೆಯ ಸಜ್ಜನಿಕೆ ಮತ್ತು ಮಕ್ಕಳ ಭವಿಷ್ಯ. ನಮ್ಮ ಸಮುದಾಯದ ಸಿವಿಲ್ ಇಂಜಿನಿಯರ್‌ಗಳ ಬದುಕನ್ನು ಕುರಿತು ಯೋಚಿಸುವಾಗಲೆಲ್ಲ ನಮಗೆ ಈ ಗೋಡೆಯೇ ನೆನಪಾಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂತಹ ಊರುಗಳಲ್ಲಿ ರಸ್ತೆ, ಸೇತುವೆ, ಕಾಲುವೆ, ಶಾಲೆ, ನೀರಿನ ಟ್ಯಾಂಕು ಎಂದು ದಿನವಿಡೀ ಬಿಸಿಲಿನಲ್ಲಿ ತಿರುಗಿ, ಸಂಜೆ ಧೂಳು ಮೆತ್ತಿದ ಬಟ್ಟೆಯಲ್ಲಿ ಮನೆಗೆ ಮರಳುವ ತಂದೆಯೊಬ್ಬನ ದೀನ್ ಎಲ್ಲಿದೆ? ಅವನ ನಮಾಝಿನ ಚಾಪೆಯ ಮೇಲೆ ಮಾತ್ರವೇ? ಅವನು ಸಹಿ ಹಾಕುವ ಅಳತೆ ಪುಸ್ತಕದಲ್ಲಿಯೂ ಇಲ್ಲವೇ? ಅವನು ಮನೆಗೆ ತರುವ ಹಣದಲ್ಲಿ, ಮಕ್ಕಳ ಜೊತೆ ಕಳೆಯುವ ಹೊತ್ತಿನಲ್ಲಿ ಇಲ್ಲವೇ? ಈ ಪ್ರಶ್ನೆಯನ್ನು ನಾವು ಅವನಿಗೆ ಕೇಳುವ ಮೊದಲು ನಮಗೇ ಕೇಳಿಕೊಳ್ಳಬೇಕಾಗಿದೆ.

ಈ ನಾಲ್ಕು ತಾಲ್ಲೂಕುಗಳ ಇಂದಿನ ಬದುಕೇ ಇಂಜಿನಿಯರಿಂಗ್ ಎಂದರೇನು ಎಂಬುದಕ್ಕೆ ಸಾಕ್ಷಿಯಾಗಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿದ್ದುದು ಇವೇ ನಾಲ್ಕು ತಾಲ್ಲೂಕುಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ ಭತ್ತದ ಕಣಜವೆನಿಸಿದೆ. ಕಾಲುವೆ ತಲುಪದ ಕುಷ್ಟಗಿ ಮತ್ತು ಯಲಬುರ್ಗಾದ ರೈತ ಮಾತ್ರ ಜೋಳ, ಸಜ್ಜೆ, ಶೇಂಗಾ ಬಿತ್ತಿ ಮುಗಿಲು ನೋಡುತ್ತಾನೆ. ಅಲ್ಲಿನ ಅನೇಕ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಒಂದೇ ಜಿಲ್ಲೆ, ಒಂದೇ ಆಕಾಶ. ಆದರೆ ಮಾಪನ ಮಾಡಿ ಎಳೆದ ಒಂದು ಗೆರೆ ಒಂದು ಊರಿನ ತಟ್ಟೆಗೆ ಅನ್ನ ಇಟ್ಟಿತು, ಇನ್ನೊಂದು ಊರಿನ ಯುವಕರನ್ನು ದುಡಿಮೆಗಾಗಿ ದೂರದ ನಗರಗಳಿಗೆ ಕಳುಹಿಸಿತು. ಇಂಜಿನಿಯರ್‌ನ ಪೆನ್ಸಿಲಿಗೆ ಇಷ್ಟು ಭಾರವಿದೆ.

ಕೊಪ್ಪಳ ತಾಲ್ಲೂಕಿನ ಮುನಿರಾಬಾದ್ ಬಳಿ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಇದೆ. ಒಂದು ದಂಡೆ ಮದ್ರಾಸ್ ಪ್ರಾಂತ್ಯದ್ದು, ಇನ್ನೊಂದು ಹೈದರಾಬಾದ್ ಸಂಸ್ಥಾನದ್ದು ಎಂಬ ಕಾಲದಲ್ಲಿ, ದಶಕಗಳ ಮಾತುಕತೆಯ ನಂತರ 1944ರಲ್ಲಿ ಒಪ್ಪಂದವಾಗಿ, 1945ರ ಫೆಬ್ರವರಿ 28ರಂದು ಅದಕ್ಕೆ ಅಡಿಗಲ್ಲು ಬಿದ್ದಿತು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಸುರ್ಖಿಯ ಗಾರೆಯಿಂದ ಕಟ್ಟಿದ ಈ ಗೋಡೆ ಎಪ್ಪತ್ತು ವರ್ಷಗಳಿಂದ ನದಿಯನ್ನು ತಡೆದು ನಿಂತಿದೆ. ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಸರಿಯಾದ ಪ್ರಮಾಣದಲ್ಲಿ ಅರೆದ, ಕಲ್ಲನ್ನು ಕಲ್ಲಿಗೆ ಹೊಂದಿಸಿದ ಸಾವಿರಾರು ಕೈಗಳ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಅವರ ಕೆಲಸ ಮಾತ್ರ ಇಂದಿಗೂ ಇದೆ. ಅದಕ್ಕಾಗಿ ಹತ್ತಾರು ಹಳ್ಳಿಗಳು ತಮ್ಮ ಮನೆ, ಹೊಲ, ಗೋರಿಗಳನ್ನು ನೀರಿಗೆ ಬಿಟ್ಟುಕೊಟ್ಟುದನ್ನೂ ನಾವು ಮರೆಯಲಾಗದು.

ಈ ಇತಿಹಾಸದಲ್ಲಿ ನಮ್ಮ ಮಕ್ಕಳು ತಿಳಿದಿರಬೇಕಾದ ಒಂದು ಹೆಸರಿದೆ: ನವಾಬ್ ಅಲಿ ನವಾಝ್ ಜಂಗ್. 1877ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅವರ ಮೂಲ ಹೆಸರು ಮೀರ್ ಅಹ್ಮದ್ ಅಲಿ. ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೂಪರ್ಸ್ ಹಿಲ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಮರಳಿದ ಅವರು ಮುಂದೆ ಹೈದರಾಬಾದ್ ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. ಮಂಜೀರಾ ನದಿಗೆ ಅಡ್ಡಲಾಗಿ ನಿಂತ ನಿಝಾಮ್ ಸಾಗರ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. 1929ರಲ್ಲಿ ಸಿಂಧ್ ಪ್ರಾಂತ್ಯದ ಸುಕ್ಕೂರ್ ಬ್ಯಾರೇಜಿನ ಪರಿಶೀಲನೆಗೆ ಸರ್ ಎಂ. ವಿಶ್ವೇಶ್ವರಯ್ಯನವರೊಂದಿಗೆ ಅವರನ್ನೂ ಆಹ್ವಾನಿಸಲಾಯಿತು. ತುಂಗಭದ್ರೆಯ ನೀರಿನ ಪಾಲಿಗಾಗಿ ಮದ್ರಾಸಿನೊಂದಿಗೆ ನಡೆದ ದೀರ್ಘ ಮಾತುಕತೆಗಳಲ್ಲಿ ಅವರ ಶ್ರಮವಿತ್ತು. ಅವರು 1949ರಲ್ಲಿ ತೀರಿಕೊಂಡರು. ಅಣೆಕಟ್ಟಿನ ನೀರು ನಮ್ಮ ಹೊಲಗಳಿಗೆ ಹರಿದುದನ್ನು ಅವರು ನೋಡಲಿಲ್ಲ. ತೆಲಂಗಾಣದಲ್ಲಿ ಅವರು ಹುಟ್ಟಿದ ಜುಲೈ 11ನ್ನು ಇಂಜಿನಿಯರ್‌ಗಳ ದಿನವಾಗಿ ಆಚರಿಸುತ್ತಾರೆ. ಎಡದಂಡೆಯ ನೀರಿನಲ್ಲಿ ಬೆಳೆದ ಅನ್ನ ಉಣ್ಣುವ ನಮ್ಮ ಮನೆಗಳಲ್ಲಿ ಅವರ ಹೆಸರು ಕೇಳಿಬರುವುದು ಅಪರೂಪ.

ಕಟ್ಟುವವನ ಪಾಡು ಇದೇ. ತಾನು ನೆಟ್ಟ ಮರದ ನೆರಳಿನಲ್ಲಿ ತಾನು ಕೂರಲಾರ. ಮನುಷ್ಯ ತೀರಿಕೊಂಡ ಮೇಲೂ ಅವನಿಗೆ ಪುಣ್ಯ ತಲುಪುತ್ತಲೇ ಇರುವ ಕರ್ಮಗಳ ಕುರಿತು ಪ್ರವಾದಿ ಮುಹಮ್ಮದ್(ಸ)ರು ತಿಳಿಸಿದ್ದಾರೆ: ಹರಿಯುತ್ತಲೇ ಇರುವ ದಾನ, ಪ್ರಯೋಜನಕರ ಜ್ಞಾನ ಮತ್ತು ತನಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ. ಸಿವಿಲ್ ಇಂಜಿನಿಯರ್‌ನ ಬದುಕಿನಲ್ಲಿ ಈ ಮೂರಕ್ಕೂ ದಾರಿಯಿದೆ. ಅವನು ಕಟ್ಟಿದ ಸೇತುವೆಯ ಮೇಲೆ ದಾಟುವ ಹೆರಿಗೆ ನೋವಿನ ಹೆಣ್ಣುಮಗಳು, ಅವನು ಎಳೆದ ಕೊಳವೆಯಿಂದ ಕೊಡ ತುಂಬಿಕೊಳ್ಳುವ ಅಜ್ಜಿ, ಅವನಿಂದ ಕೆಲಸ ಕಲಿತ ಗೌಂಡಿ, ಅವನ ಪ್ರಾಮಾಣಿಕ ದುಡಿಮೆಯಲ್ಲಿ ಬೆಳೆದ ಮಕ್ಕಳು. ಕೂಲಿ ಪಡೆದು ಮಾಡಿದ ಕೆಲಸವೂ ಸಂಕಲ್ಪ ಶುದ್ಧವಾಗಿದ್ದರೆ ಆರಾಧನೆಯಾಗುತ್ತದೆ ಎಂಬುದು ಇಸ್ಲಾಮಿನ ಸುಂದರ ಪಾಠ.

ಆದರೆ ಈ ವೃತ್ತಿಯ ಪರೀಕ್ಷೆ ಕಠಿಣವಾದುದು. ಏಕೆಂದರೆ ಇದರಲ್ಲಿ ಸತ್ಯವೂ ಮೋಸವೂ ಎರಡೂ ಮುಚ್ಚಿಹೋಗುತ್ತವೆ. ಪ್ಲಾಸ್ಟರಿನ ಒಳಗೆ ಇಟ್ಟಿಗೆ ಎಂಥದ್ದು, ಕಾಂಕ್ರೀಟಿನ ಒಳಗೆ ಕಬ್ಬಿಣ ಎಷ್ಟು, ಡಾಂಬರಿನ ಕೆಳಗೆ ಜಲ್ಲಿ ಎಷ್ಟು ದಪ್ಪ ಎಂಬುದನ್ನು ಊರಿನ ಜನ ನೋಡಲಾರರು. ಮಿಶ್ರಣಕ್ಕೆ ಒಂದಿಷ್ಟು ನೀರು ಹೆಚ್ಚು ಸುರಿದರೆ ಹಾಕುವ ಕೆಲಸ ಸಲೀಸು. ಆದರೆ ಕಾಂಕ್ರೀಟು ಸೊರಗುತ್ತದೆ. ಕನಿಷ್ಠ ಒಂದು ವಾರವಾದರೂ ನೀರುಣಿಸಬೇಕಾದ ಕಾಂಕ್ರೀಟಿಗೆ ಎರಡೇ ದಿನ ನೀರು ಹೊಡೆದು ಬಿಟ್ಟರೆ ಅಂದು ಯಾರಿಗೂ ತಿಳಿಯುವುದಿಲ್ಲ. ಕಾಂಕ್ರೀಟಿನ ಅಚ್ಚುಗಳನ್ನು ಇಟ್ಟು 28ನೆಯ ದಿನ ಒಡೆದು ಬಲ ನೋಡುವ ಪದ್ಧತಿಯಿದೆ. ಆದರೆ ಪರೀಕ್ಷೆಗೆ ಕಳುಹಿಸುವ ಅಚ್ಚನ್ನು ಮಾತ್ರ ಚೆನ್ನಾಗಿ ಹಾಕಿ, ಚಾವಣಿಗೆ ಬೇರೆಯದನ್ನೇ ಸುರಿಯುವುದೂ ಸಾಧ್ಯ. ಕಾಗದದಲ್ಲಿ ಎಲ್ಲವೂ ಸರಿ ಇರುತ್ತದೆ. ಐದಾರು ಮಳೆಗಾಲಗಳ ನಂತರ ಶಾಲೆಯ ಚಾವಣಿಯ ತುಂಡು ಮಗುವೊಂದರ ಪಾಟಿಯ ಮೇಲೆ ಬೀಳುತ್ತದೆ.

ಪ್ರವಾದಿ(ಸ)ರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹೋಗಿ ಕೈಯನ್ನು ಒಳಗಿಟ್ಟು ನೋಡಿದರು. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ಮಳೆಯಿಂದ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಅದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂದು ಸ್ಪಷ್ಟಪಡಿಸಿದರು. ರಾಶಿಯ ಒಳಗೆ ಕೈಯಿಟ್ಟು ನೋಡಿದ ಆ ಪ್ರವಾದಿಯ ಅನುಯಾಯಿಗಳು ಚಾವಣಿಯ ಒಳಗನ್ನು ಕುರಿತು ನಿಶ್ಚಿಂತರಾಗಿರಲು ಸಾಧ್ಯವೇ? ಅಳತೆ ಮತ್ತು ತೂಕದಲ್ಲಿ ಕಡಿತ ಮಾಡುವವರನ್ನು ಎಚ್ಚರಿಸಲೆಂದೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ಅದನ್ನು ಓದುವಾಗ ನಮಗೆ ಕಿರಾಣಿ ಅಂಗಡಿಯ ತಕ್ಕಡಿ ನೆನಪಾಗುತ್ತದೆ. ಇಂಜಿನಿಯರ್‌ನ ಅಳತೆ ಪುಸ್ತಕ ಅದಕ್ಕಿಂತ ದೊಡ್ಡ ತಕ್ಕಡಿ. ಅವನು ಬರೆದ ಉದ್ದ, ಅಗಲ, ಆಳಗಳ ಮೇಲೆ ಬಿಲ್ಲು ಆಗುತ್ತದೆ, ಸಾರ್ವಜನಿಕರ ಹಣ ಹೊರಡುತ್ತದೆ. ಅಲ್ಲಿ ಮೂರು ಅಡಿಯನ್ನು ನಾಲ್ಕೆಂದು ಬರೆಯುವ ಕೈ, ಸೇರಿಗೆ ಕಾಲು ಸೇರು ಕದಿಯುವ ಕೈಗಿಂತ ಹೇಗೆ ಭಿನ್ನ?

ಇನ್ನು ಲಂಚದ ವಿಷಯ. ಅದಕ್ಕೆ ಇಂದು ಲಂಚವೆಂಬ ಹೆಸರೂ ಉಳಿದಿಲ್ಲ. ಪರ್ಸೆಂಟೇಜು, ಕಮಿಷನ್, ಖುಷಿ, ಹಬ್ಬದ ಉಡುಗೊರೆ ಎಂದೆಲ್ಲ ಹೆಸರು ಬದಲಿಸಿಕೊಂಡು ಅದು ಮನೆಯ ಮುಂಬಾಗಿಲಿನಿಂದಲೇ ಬರುತ್ತದೆ. ಝಕಾತ್ ಸಂಗ್ರಹಕ್ಕೆ ಹೋಗಿದ್ದ ಒಬ್ಬರು ಮರಳಿ ಬಂದು, ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಬಂದುದು ಎಂದು ಹೇಳಿದಾಗ ಪ್ರವಾದಿ(ಸ)ರು ಮಿಂಬರ್ ಏರಿ ಅದನ್ನು ಖಂಡಿಸಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಅವನು ತನ್ನ ತಂದೆ ತಾಯಿಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬುದು ಅವರ ಪ್ರಶ್ನೆಯಾಗಿತ್ತು. ಹದಿನಾಲ್ಕು ಶತಮಾನಗಳ ನಂತರವೂ ಈ ಪ್ರಶ್ನೆಗೆ ಯಾವ ಕಚೇರಿಯಲ್ಲಿಯೂ ಉತ್ತರವಿಲ್ಲ. ದೀಪಾವಳಿಗೋ ಈದ್‌ಗೋ ಗುತ್ತಿಗೆದಾರರು ಮನೆಗೆ ಕಳುಹಿಸುವ ಪೆಟ್ಟಿಗೆಯನ್ನು ತೆರೆಯುವ ಮೊದಲು ಇಂಜಿನಿಯರ್‌ನ ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ನಾವು ತಳ್ಳಿಹಾಕಲಾರೆವು. ವ್ಯವಸ್ಥೆಯೇ ಹೀಗಿರುವಾಗ ಒಬ್ಬನೇ ಏನು ಮಾಡಿಯಾನು? ತಾನು ತಿನ್ನದಿದ್ದರೂ ಮೇಲಿನವರಿಗೆ ಮುಟ್ಟಿಸಬೇಕು, ಇಲ್ಲವಾದರೆ ಎಲ್ಲಿಗೋ ವರ್ಗ, ಇಲ್ಲವೇ ಮೂಲೆಯ ಕುರ್ಚಿ, ಇಲ್ಲವೇ ಸುಳ್ಳು ದೂರು. ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ, ವಯಸ್ಸಾದ ಅಮ್ಮಿಯ ಔಷಧೋಪಚಾರ ತಪ್ಪುತ್ತದೆ. ಇದು ಸುಳ್ಳಲ್ಲ. ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗುತ್ತದೆ, ಆ ಬೆಲೆಯಲ್ಲಿ ಹೆಚ್ಚಿನ ಪಾಲನ್ನು ಮನೆಯವರು ತೆರುತ್ತಾರೆ. ಮಿಂಬರಿನಿಂದ ಪ್ರಾಮಾಣಿಕರಾಗಿರಿ ಎಂದು ಹೇಳುವುದು ಸುಲಭ. ವರ್ಗವಾಗಿ ಬಂದ ಊರಿನಲ್ಲಿ ಬಾಡಿಗೆ ಮನೆ ಹುಡುಕುತ್ತ ಮಕ್ಕಳ ಕೈ ಹಿಡಿದು ತಿರುಗುವ ಹೆಣ್ಣುಮಗಳ ಕಷ್ಟ ಆ ಮಾತಿನಲ್ಲಿ ಕಾಣಿಸುವುದಿಲ್ಲ.

ಆದರೂ ನಮ್ಮ ಉತ್ತರ ಇದು. ಮನೆಯವರಿಗಾಗಿ ಎಂದು ಹೇಳಿಕೊಂಡು ತರುವ ಹರಾಮ್ ಹಣ ಮೊದಲು ಹಾಳು ಮಾಡುವುದು ಆ ಮನೆಯನ್ನೇ. ಹಲಾಲ್ ಸಂಪಾದನೆಯ ಮಹತ್ವ ಹೇಳುವಾಗ ಪ್ರವಾದಿ(ಸ)ರು, ದೂರ ಪ್ರಯಾಣದಿಂದ ಬಳಲಿ ಧೂಳು ಮೆತ್ತಿದ ವ್ಯಕ್ತಿಯೊಬ್ಬ ಆಕಾಶದ ಕಡೆಗೆ ಕೈ ಎತ್ತಿ ಪ್ರಾರ್ಥಿಸುವ ಉದಾಹರಣೆ ಕೊಟ್ಟರು. ಅವನ ಅನ್ನ, ನೀರು, ಉಡುಪು ಎಲ್ಲವೂ ಹರಾಮ್ ಆಗಿರುವಾಗ ಪ್ರಾರ್ಥನೆ ಸ್ವೀಕೃತವಾಗುವುದು ಹೇಗೆ ಎಂದು ಕೇಳಿದರು. ಮಗುವಿಗೆ ಜ್ವರ ಬಂದ ರಾತ್ರಿ ತಂದೆ ಕೈ ಎತ್ತಬೇಕಾಗುತ್ತದೆ. ಆ ಕೈ ಎತ್ತಲು ಅಂಜದಂತೆ ಬದುಕುವುದಕ್ಕಿಂತ ದೊಡ್ಡ ಕುಟುಂಬಪ್ರೇಮ ಯಾವುದು? ಅಲ್ಲಾಹನು ಎರಡು ಅನಾಥ ಮಕ್ಕಳ ಗೋಡೆಯನ್ನು ಕಾಯ್ದುದು ಅವರ ತಂದೆ ಬಿಟ್ಟುಹೋದ ನಿಧಿಯ ಗಾತ್ರ ನೋಡಿ ಅಲ್ಲ, ಅವನ ಸಜ್ಜನಿಕೆ ನೋಡಿ. ನಿಧಿಯನ್ನು ಯಾರೂ ಕದಿಯಬಹುದು. ಸಜ್ಜನಿಕೆಯ ಕಾವಲು ಕದಿಯಲಾಗದ್ದು.

ಕುಟುಂಬಕ್ಕೆ ಮುಡಿಪಾದ ಬದುಕು ಎಂಬುದನ್ನು ನಾವು ಇತ್ತೀಚೆಗೆ ಹಣ ಕಳುಹಿಸುವ ಬದುಕು ಎಂದು ತಿಳಿದುಕೊಂಡಿದ್ದೇವೆ. ಡಿಗ್ರಿ ಕೈಗೆ ಬಂದೊಡನೆ ಪಾಸ್‌ಪೋರ್ಟು, ಆಮೇಲೆ ಕೊಲ್ಲಿ ರಾಷ್ಟ್ರ, ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಅನಿವಾರ್ಯತೆಯಿಂದ ಹೋದವರ ತ್ಯಾಗವನ್ನು ನಾವು ಗೌರವಿಸುತ್ತೇವೆ. ಅವರ ಬೆವರಿನಿಂದ ಎಷ್ಟೋ ಮನೆಗಳ ಸಾಲ ತೀರಿದೆ, ತಂಗಿಯರ ನಿಕಾಹ್ ಆಗಿದೆ. ಆದರೆ ಊರಿನಲ್ಲಿಯೇ ಇರುವ ಇಂಜಿನಿಯರ್ ಕೂಡ ಸೈಟು, ಟೆಂಡರು, ಸಭೆ ಎಂದು ಮಕ್ಕಳು ಏಳುವ ಮೊದಲೇ ಹೊರಟು ಮಲಗಿದ ಮೇಲೆ ಮರಳಿದರೆ ಅವನೂ ಪರದೇಶಿಯೇ. ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ಅವರು ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಒಂದು ಸಮಾಜವನ್ನೇ ಕಟ್ಟುತ್ತಿದ್ದವರಿಗೆ ಮನೆಗೆಲಸಕ್ಕೆ ಹೊತ್ತು ಸಿಕ್ಕಿತು. ಒಂದು ಸೇತುವೆ ಕಟ್ಟುವ ನಮಗೆ ಸಿಗುವುದಿಲ್ಲ ಎಂದರೆ ಕೊರತೆ ಇರುವುದು ಹೊತ್ತಿನದಲ್ಲ.

ಕಟ್ಟಡ ಮತ್ತು ಕುಟುಂಬ ಒಂದಾದ ಅತ್ಯುನ್ನತ ದೃಶ್ಯ ನಮಗೆ ಮಕ್ಕಾದಲ್ಲಿ ದೊರೆಯುತ್ತದೆ. ಪ್ರವಾದಿ ಇಬ್ರಾಹೀಮ್(ಅ)ರು ಕಅಬಾದ ಗೋಡೆ ಎತ್ತುತ್ತಿದ್ದಾರೆ, ಮಗ ಇಸ್ಮಾಈಲ್(ಅ)ರು ಕಲ್ಲು ತಂದು ಕೊಡುತ್ತಿದ್ದಾರೆ. ಇಬ್ಬರ ನಾಲಿಗೆಯ ಮೇಲೆಯೂ ಈ ಸೇವೆಯನ್ನು ಸ್ವೀಕರಿಸು ಎಂಬ ಪ್ರಾರ್ಥನೆಯಿದೆ. ಅಷ್ಟಕ್ಕೇ ನಿಲ್ಲದೆ ಮುಂದಿನ ಪೀಳಿಗೆಗಾಗಿಯೂ ಬೇಡುತ್ತಿದ್ದಾರೆ. ಇಷ್ಟು ದೊಡ್ಡ ಕೆಲಸ ಮಾಡಿಯೂ ಸ್ವೀಕಾರವಾದೀತೋ ಇಲ್ಲವೋ ಎಂಬ ಅಳುಕು ಅವರಲ್ಲಿದೆ. ಫಲಕದಲ್ಲಿ ಹೆಸರು ಸಣ್ಣದಾಯಿತೆಂದು ಮುನಿಸಿಕೊಳ್ಳುವ ಕಾಲದಲ್ಲಿ ಬದುಕುವ ನಾವು ಈ ಅಳುಕನ್ನು ಕಲಿಯಬೇಕಾಗಿದೆ. ತಂದೆ ತನ್ನ ಕೆಲಸವನ್ನು ಮಕ್ಕಳಿಂದ ಬಚ್ಚಿಡುವಂತಿರಬಾರದು ಎಂಬುದೂ ಇಲ್ಲಿನ ಪಾಠ. ರಜೆಯ ದಿನ ಮಗಳನ್ನು ಕರೆದುಕೊಂಡು ಹೋಗಿ, ಈ ಕೆರೆಯ ತೂಬನ್ನು ನಾನು ಕಟ್ಟಿಸಿದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಬಲ್ಲ ತಂದೆಯೇ ಶ್ರೀಮಂತ.

ಢಾಕಾದ ಮಣ್ಣಿನಿಂದ ಬಂದ ಫಝ್ಲುರ್ ರಹ್ಮಾನ್ ಖಾನ್ ಇಪ್ಪತ್ತನೆಯ ಶತಮಾನದ ಗಗನಚುಂಬಿ ಕಟ್ಟಡಗಳ ವಿನ್ಯಾಸವನ್ನೇ ಬದಲಿಸಿದ ಇಂಜಿನಿಯರ್. ಶಿಕಾಗೋದ ಸಿಯರ್ಸ್ ಗೋಪುರ ಅವರ ಕೈಚಳಕ. ಜಗತ್ತಿನ ಹೊಗಳಿಕೆಯ ನಡುವೆಯೂ 1971ರಲ್ಲಿ ತಾಯ್ನಾಡು ಸಂಕಟಕ್ಕೆ ಸಿಲುಕಿದಾಗ ಅವರು ಶಿಕಾಗೋದಲ್ಲಿ ಜನರನ್ನು ಒಗ್ಗೂಡಿಸಿ ನೆರವು ಸಂಗ್ರಹಿಸಿದರು. ಜಿದ್ದಾ ವಿಮಾನ ನಿಲ್ದಾಣದಲ್ಲಿ ಹಾಜಿಗಳಿಗೆ ನೆರಳು ಕೊಡುವ ಡೇರೆಯಾಕಾರದ ಹಜ್ ಟರ್ಮಿನಲ್ ಅವರ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು. 1982ರಲ್ಲಿ ಅವರು ಅದೇ ಜಿದ್ದಾದಲ್ಲಿ ತೀರಿಕೊಂಡರು. ಅವರ ಮಗಳು ಯಾಸ್ಮೀನ್ ತಾನೂ ಅದೇ ವೃತ್ತಿಯನ್ನು ಹಿಡಿದು, ತಂದೆಯ ಕೆಲಸವನ್ನು ಕುರಿತು ಗ್ರಂಥ ಬರೆದರು. ಮಗಳೊಬ್ಬಳು ತನ್ನ ತಂದೆಯ ಲೆಕ್ಕಾಚಾರಗಳನ್ನು ಹೆಮ್ಮೆಯಿಂದ ತೆರೆದು ನೋಡುವುದಕ್ಕಿಂತ ದೊಡ್ಡ ಪ್ರಶಸ್ತಿ ಇಂಜಿನಿಯರ್‌ಗೆ ಬೇರೆ ಬೇಕೇ?

ಅಣೆಕಟ್ಟಿನ ವಿಷಯದಲ್ಲಿ ಕುರ್‌ಆನ್ ನಮಗೊಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಸಬಾ ಜನಾಂಗಕ್ಕೆ ಬಲಕ್ಕೂ ಎಡಕ್ಕೂ ತೋಟಗಳಿದ್ದವು. ಅವರು ಕೃತಘ್ನರಾದಾಗ ಪ್ರವಾಹ ಬಂದು ಅಣೆಕಟ್ಟು ಒಡೆಯಿತು, ಸಿಹಿ ಹಣ್ಣಿನ ತೋಟಗಳಿದ್ದಲ್ಲಿ ಕಹಿ ಗಿಡಗಳು ಉಳಿದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಮ್ಮ ಭಾಗದ ರೈತರ ನಿದ್ದೆಯೂ ಕೊಚ್ಚಿಹೋಗಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ವರ್ಷದ ಅನ್ನದ ನೀರನ್ನು ನದಿಗೆ ಬಿಡಬೇಕಾಯಿತು. ಆಗ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಇಂಜಿನಿಯರ್‌ಗಳೂ ಕಾರ್ಮಿಕರೂ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ನೀರಿಗೆ ಇಳಿದವರಲ್ಲಿ ಯಾವ ಜಾತಿ, ಯಾವ ಧರ್ಮ ಎಂದು ಯಾರೂ ಕೇಳಲಿಲ್ಲ. ಕೆಳಗೆ ಕಾಯುತ್ತಿದ್ದ ಗದ್ದೆಗಳೂ ಎಲ್ಲರವಾಗಿದ್ದವು.

ಆ ವಾರ ನಾವೆಲ್ಲ ಪ್ರಾರ್ಥಿಸಿದೆವು. ಪ್ರಾರ್ಥನೆ ಸರಿ. ಆದರೆ ಸರಪಳಿಗೆ ತುಕ್ಕು ಹಿಡಿಯುತ್ತಿದೆಯೇ ಎಂದು ಪ್ರತಿ ವರ್ಷ ನೋಡುವ ಕಣ್ಣೂ ಒಂದು ಆರಾಧನೆಯೇ ಎಂಬುದನ್ನು ನಾವು ಆಗ ಕಲಿಯಬೇಕಿತ್ತು. ಒಂದು ಕಾಲದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದಾಗಿ ಇಂದು ಸುಮಾರು 105 ಟಿಎಂಸಿಗೆ ಇಳಿದಿದೆ. ಹೂಳು ಒಂದೇ ದಿನ ಬರುವುದಿಲ್ಲ. ಮನುಷ್ಯನ ಮನಸ್ಸಿನಲ್ಲಿಯೂ ಹಾಗೆಯೇ. ಮೊದಲ ಸಲದ ಸಣ್ಣ ಲಕೋಟೆ ಒಂದು ಹಿಡಿ ಮಣ್ಣು ಮಾತ್ರ. ಅದು ತಳದಲ್ಲಿ ಕೂರುತ್ತದೆ, ಮೇಲಿನ ನೀರು ತಿಳಿಯಾಗಿಯೇ ಕಾಣುತ್ತದೆ.

ಇಷ್ಟೆಲ್ಲವನ್ನು ಇಂಜಿನಿಯರ್‌ಗೆ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಸಮುದಾಯವಾಗಿ ನಮ್ಮ ನಡತೆಯೂ ತಪಾಸಣೆಗೆ ಒಳಗಾಗಬೇಕು. ಹುಡುಗ ಸರಕಾರಿ ಇಂಜಿನಿಯರ್ ಎಂದು ತಿಳಿದೊಡನೆ ಸಂಬಂಧ ಕೇಳಿ ಬರುವ ಹಿರಿಯರು ಮೊದಲು ಸಂಬಳ ಕೇಳುತ್ತಾರೆ, ಆಮೇಲೆ ದನಿ ತಗ್ಗಿಸಿ ಮೇಲಿನ ಸಂಪಾದನೆ ಎಷ್ಟು ಎಂದು ಕೇಳುತ್ತಾರೆ. ಆ ದನಿ ತಗ್ಗುವುದೇ ನಮಗೆ ಅದು ತಪ್ಪೆಂದು ಗೊತ್ತಿರುವುದಕ್ಕೆ ಸಾಕ್ಷಿ. ಹರಾಮ್ ಮಾಂಸ ತಟ್ಟೆಗೆ ಬಾರದಂತೆ ಎಚ್ಚರ ವಹಿಸುವ ನಾವು, ಹರಾಮ್ ಹಣದ ಮನೆಗೆ ಮಗಳನ್ನು ಕೊಡಲು ಸಾಲುಗಟ್ಟಿ ನಿಲ್ಲುತ್ತೇವೆ. ಇಪ್ಪತ್ತೈದು ವರ್ಷ ದುಡಿದು ಒಂದೇ ಮನೆ ಕಟ್ಟಿದವನನ್ನು ಕೈಲಾಗದವನೆನ್ನುತ್ತೇವೆ. ಹತ್ತು ವರ್ಷದಲ್ಲಿ ಮೂರು ಕಟ್ಟಿದವನನ್ನು ಮಸೀದಿಯ ಸಭೆಯಲ್ಲಿ ಮುಂದೆ ಕೂರಿಸುತ್ತೇವೆ. ಹೀಗಿರುವಾಗ ಯುವ ಇಂಜಿನಿಯರ್ ಯಾವ ಪಾಠ ಕಲಿತಾನು?

ಮಸೀದಿ ನಿರ್ಮಾಣದಲ್ಲಿಯೂ ನಾವು ಈ ಅಮಾನತ್ತನ್ನು ಕಡೆಗಣಿಸುತ್ತೇವೆ. ಕುಷ್ಟಗಿ, ಯಲಬುರ್ಗಾದ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅಂತಹ ನೆಲದಲ್ಲಿ ಮಣ್ಣು ಪರೀಕ್ಷಿಸದೆ, ಮಸಾರಿಯಲ್ಲಿ ಹಾಕಿದಂತೆಯೇ ಬುನಾದಿ ಹಾಕಿದರೆ ಕೆಲವೇ ವರ್ಷಗಳಲ್ಲಿ ಗೋಡೆ ಸೀಳುತ್ತದೆ. ಆದರೂ ನಕ್ಷೆಗೆ, ಲೆಕ್ಕಾಚಾರಕ್ಕೆ ಕೊಡಬೇಕಾದ ಸಣ್ಣ ಮೊತ್ತಕ್ಕೆ ಚೌಕಾಸಿ ಮಾಡುವ ಸಮಿತಿಗಳು ಮಿನಾರಿನ ಎತ್ತರಕ್ಕೆ ಮಾತ್ರ ಚೌಕಾಸಿ ಮಾಡುವುದಿಲ್ಲ. ಸಾವಿರ ಜನ ಸಜ್ದಾ ಮಾಡುವ ಚಾವಣಿಯ ಕೆಳಗೆ ಕಬ್ಬಿಣ ಎಷ್ಟಿದೆ ಎಂದು ಕೇಳುವುದು ಅಧಿಕಪ್ರಸಂಗವಲ್ಲ, ಅದು ಕರ್ತವ್ಯ. ಬಡವರ ಒಂದೊಂದು ರೂಪಾಯಿ ಅಲ್ಲಿದೆ.

ಆದುದರಿಂದ ಕೆಲವು ಮಾತುಗಳನ್ನು ನಾವು ಸಮುದಾಯದ ಮುಂದಿಡುತ್ತೇವೆ. ಜುಮಾದ ಪ್ರವಚನಗಳಲ್ಲಿ ನಮಾಝ್, ಉಪವಾಸಗಳ ಜೊತೆಗೆ ಅಳತೆ ಪುಸ್ತಕ, ಬಿಲ್ಲು, ಟೆಂಡರುಗಳ ಪ್ರಾಮಾಣಿಕತೆಯೂ ಕನ್ನಡದಲ್ಲಿ ಚರ್ಚೆಯಾಗಲಿ. ಪ್ರತಿ ತಾಲ್ಲೂಕಿನಲ್ಲಿ ಒಬ್ಬಿಬ್ಬರು ನಿವೃತ್ತ ಇಂಜಿನಿಯರ್‌ಗಳಾದರೂ ಇದ್ದಾರೆ. ಮಸೀದಿ, ಮದ್ರಸಾ, ಬಡವರ ಮನೆಗಳ ಕಾಮಗಾರಿಯನ್ನು ಅವರು ತಿಂಗಳಿಗೊಮ್ಮೆ ಪರಿಶೀಲಿಸಲಿ. ಪ್ರಾಮಾಣಿಕತೆಗಾಗಿ ವರ್ಗವಾಗಿ ಬಂದ ಕುಟುಂಬವೊಂದು ನಮ್ಮ ಊರಿನಲ್ಲಿ ಇಳಿದರೆ ಅವರಿಗೆ ಮನೆ, ಮಕ್ಕಳಿಗೆ ಶಾಲೆ ಹುಡುಕಿಕೊಡುವ ಹೊಣೆ ನಮ್ಮದಾಗಲಿ. ಹೆಣ್ಣುಮಕ್ಕಳಿಗೆ ಸಿವಿಲ್ ವಿಭಾಗ ಒಗ್ಗುವುದಿಲ್ಲ ಎಂಬ ಮಾತನ್ನು ಬಿಡೋಣ. ನೀರಿನ ಕೊಡ ಹೊತ್ತವಳಿಗೆ ನೀರಿನ ಯೋಜನೆ ಅರ್ಥವಾಗದೇ? ನಿಕಾಹ್ ಸಂಬಂಧ ನೋಡುವಾಗ ದನಿ ತಗ್ಗಿಸಿ ಕೇಳುವ ಆ ಪ್ರಶ್ನೆಯನ್ನು ಕೇಳಬೇಡಿ. ಬದಲಿಗೆ ದನಿ ಎತ್ತರಿಸಿ, ಹಲಾಲ್ ತಾನೇ ಎಂದು ಕೇಳಿ. ಕುಷ್ಟಗಿಯ ನಿಡಶೇಸಿ ಕೆರೆಯ ಹೂಳೆತ್ತಲು, ಕೊಪ್ಪಳದ ಹಿರೇಹಳ್ಳವನ್ನು ಶುಚಿಗೊಳಿಸಲು ಮಠದ ಸ್ವಾಮೀಜಿಯವರ ಕರೆಗೆ ಜನ ಒಂದಾಗಿ ಕೈಜೋಡಿಸಿದುದನ್ನು ಈ ನಾಡು ಕಂಡಿದೆ. ಇಂತಹ ಕೆಲಸಗಳಲ್ಲಿ ನಮ್ಮ ಇಂಜಿನಿಯರ್‌ಗಳು ಮುಂದಿನ ಸಾಲಿನಲ್ಲಿ ನಿಲ್ಲಲಿ.

ಅಲ್ ಕಹಫ್ ಅಧ್ಯಾಯದಲ್ಲಿ ಇನ್ನೊಬ್ಬ ನಿರ್ಮಾಪಕರಿದ್ದಾರೆ. ಝುಲ್‌ಕರ್ನೈನ್ ಕಬ್ಬಿಣದ ಗಟ್ಟಿಗಳನ್ನು ಜೋಡಿಸಿ, ಕರಗಿದ ತಾಮ್ರ ಸುರಿದು ಜನರನ್ನು ರಕ್ಷಿಸುವ ತಡೆಗೋಡೆ ಕಟ್ಟಿದರು. ಜನರು ಕೊಡಲು ಬಂದ ಹಣವನ್ನು ಒಲ್ಲದೆ, ತನ್ನ ಪ್ರಭು ಕೊಟ್ಟುದೇ ಸಾಕು, ನಿಮ್ಮ ದುಡಿಮೆಯಿಂದ ನೆರವಾಗಿ ಎಂದರು. ಕೆಲಸ ಮುಗಿದಾಗ ತನ್ನ ಜಾಣ್ಮೆಯನ್ನು ಹೊಗಳಿಕೊಳ್ಳದೆ, ಇದು ನನ್ನ ಪ್ರಭುವಿನ ಕೃಪೆ ಎಂದರು. ಒಂದೇ ಅಧ್ಯಾಯದಲ್ಲಿ ಎರಡು ಗೋಡೆಗಳು. ಒಂದು ಇಬ್ಬರು ಮಕ್ಕಳಿಗಾಗಿ, ಇನ್ನೊಂದು ಒಂದು ಜನಾಂಗಕ್ಕಾಗಿ. ಒಂದು ಮನೆಯದು, ಇನ್ನೊಂದು ನಾಡಿನದು. ಸಿವಿಲ್ ಇಂಜಿನಿಯರ್ ಈ ಎರಡೂ ಗೋಡೆಗಳನ್ನು ಒಟ್ಟಿಗೆ ಕಟ್ಟಬೇಕಾದವನು. ನಾಡಿನ ಗೋಡೆಯಲ್ಲಿ ಕದ್ದ ಕಲ್ಲಿನಿಂದ ಮನೆಯ ಗೋಡೆ ನಿಲ್ಲದು.

ಬರುವ ಶುಕ್ರವಾರ ಈ ಅಧ್ಯಾಯ ಓದುವಾಗ, ಬಿಸಿಲಲ್ಲಿ ನಿಂತು ಕಾಂಕ್ರೀಟಿಗೆ ನೀರು ಹೊಡೆಸುವ, ತಪ್ಪು ಬಿಲ್ಲಿಗೆ ಸಹಿ ಹಾಕಲಾರೆನೆಂದು ಹೇಳಿ ಬರಿಗೈಯಲ್ಲಿ ಮನೆಗೆ ಮರಳುವ ತಂದೆಯರಿಗಾಗಿ ಒಮ್ಮೆ ಕೈ ಎತ್ತೋಣ. ಅವರ ತಾಳ್ಮೆಯ ಅರ್ಧವನ್ನು ಹೊತ್ತಿರುವ ಅವರ ಮನೆಯವರಿಗಾಗಿಯೂ ಬೇಡೋಣ. ಅಲ್ಲಾಹನು ಅವರ ದುಡಿಮೆಯಲ್ಲಿ ಬರಕತ್ ನೀಡಲಿ, ಅವರ ಸಜ್ಜನಿಕೆಯನ್ನು ಅವರ ಮಕ್ಕಳ ಕಾವಲಾಗಿ ಮಾಡಲಿ, ನಮ್ಮ ಕೈಗಳನ್ನು ಅಳತೆಯ ಮೋಸದಿಂದ ಕಾಪಾಡಲಿ. ಆಮೀನ್.